ಕೈಬದಲಾದ ತಾರೆಗಳು: ಅಮೆರಿಕದ ಬೇಸ್‌ಬಾಲಿನಲ್ಲಿ ಸಂಬಳ, ಸಾಮರ್ಥ್ಯ ಮತ್ತು ಟ್ರೇಡ್

ಅಮೆರಿಕದ ವೃತ್ತಿಪರ ಬೇಸ್‌ಬಾಲಿನಲ್ಲಿ ಒಂದು ತಂಡವು ತನ್ನ ಆಟಗಾರನನ್ನು, ಬಹುಪಾಲು ಸಂದರ್ಭಗಳಲ್ಲಿ ಆತನ ಒಪ್ಪಿಗೆಯನ್ನೇ ಕೇಳದೆ, ಇನ್ನೊಂದು ತಂಡಕ್ಕೆ ಬಿಟ್ಟುಕೊಟ್ಟು ಪ್ರತಿಯಾಗಿ ಬೇರೆ ಆಟಗಾರರನ್ನೋ ಹಣವನ್ನೋ ಪಡೆಯುವ ವ್ಯವಹಾರಕ್ಕೆ ಟ್ರೇಡ್ ಎಂದು ಹೆಸರು. ಆಟಗಾರನ ಜೊತೆಗೆ ಆತ ಸಹಿ ಮಾಡಿದ ಒಪ್ಪಂದವೂ ಕೈಬದಲಾಗುತ್ತದೆ. ಇನ್ನೆಷ್ಟು ವರ್ಷ, ಎಷ್ಟು ಸಂಬಳಕ್ಕೆ ಆತ ಆಡಬೇಕೆಂದು ಅದರಲ್ಲಿ ಬರೆದಿದೆಯೋ ಅದೆಲ್ಲವೂ ಹೊಸ ತಂಡದ ಪಾಲಿಗೆ ಹಕ್ಕಾಗಿಯೂ ಹೊರೆಯಾಗಿಯೂ ಬರುತ್ತದೆ. ಸಾಧಾರಣ ಆಟಗಾರರ ಟ್ರೇಡುಗಳು ವರ್ಷವರ್ಷವೂ ಡಜನ್‌ಗಟ್ಟಲೆ ನಡೆದು ಮರೆತುಹೋಗುತ್ತವೆಯಾದರೂ, ಊರಿಗೆ ಊರೇ ತನ್ನವನೆಂದು ಒಪ್ಪಿಕೊಂಡ ಆಟಗಾರನನ್ನು ಆತ ಇನ್ನೂ ಚೆನ್ನಾಗಿ ಆಡುತ್ತಿರುವಾಗಲೇ ತಂಡವು ಬಿಟ್ಟುಕೊಟ್ಟರೆ ಅದರ ಕಹಿ ಎರಡು ಮೂರು ತಲೆಮಾರುಗಳವರೆಗೂ ಉಳಿಯುವುದುಂಟು. ಅಂಥ ಸಂದರ್ಭಗಳಲ್ಲಿ ತಂಡದ ಆಡಳಿತವು ಮುಂದಿಡುವ ಸಮರ್ಥನೆ ನೂರು ವರ್ಷಗಳಿಂದಲೂ ಹೆಚ್ಚು ಕಡಿಮೆ ಒಂದೇ: ಆತ ಕೇಳುವ ಸಂಬಳಕ್ಕೂ ಆತನಿಂದ ನಿರೀಕ್ಷಿಸಬಹುದಾದ ಆಟಕ್ಕೂ ತಾಳೆಯಾಗುವುದಿಲ್ಲ ಎಂಬುದು. ಮಾತು ಒಂದೇ ಆದರೂ ಅದರ ಒಳಗಿನ ಲೆಕ್ಕ ಕಾಲಕಾಲಕ್ಕೆ ಬೇರೆಯಾಗಿದೆ. ಆಟಗಾರನು ಮಾಲೀಕನ ಸ್ವತ್ತಿನಂತಿದ್ದ ಕಾಲದಲ್ಲಿ ತೂಗಿ ನೋಡಲ್ಪಡುತ್ತಿದ್ದದ್ದು ಮುಖ್ಯವಾಗಿ ಮಾಲೀಕನ ಕೈಯಲ್ಲಿರುವ ನಗದು. ಆಟಗಾರನಿಗೆ ಬಿಟ್ಟುಹೋಗುವ ಹಕ್ಕು ಬಂದ ಮೇಲೆ ಆ ಸ್ಥಾನವನ್ನು ಆತನ ಒಪ್ಪಂದದಲ್ಲಿ ಉಳಿದಿರುವ ಅವಧಿ ಆಕ್ರಮಿಸಿತು.

ಈ ವ್ಯವಸ್ಥೆಯ ಬುಡ 1879ರಲ್ಲಿದೆ. ಮೂರು ವರ್ಷಗಳ ಹಿಂದಷ್ಟೇ ಹುಟ್ಟಿದ್ದ ನ್ಯಾಷನಲ್ ಲೀಗಿನ ಮಾಲೀಕರು ಆ ವರ್ಷದ ಸೆಪ್ಟೆಂಬರಿನಲ್ಲಿ ಬಫಲೋ ನಗರದಲ್ಲಿ ಸೇರಿ, ಪ್ರತಿಯೊಂದು ತಂಡವೂ ತನ್ನ ಐವರು ಆಟಗಾರರನ್ನು ಮುಂದಿನ ಋತುವಿಗೆ ಕಾದಿರಿಸಿಕೊಳ್ಳಬಹುದು, ಅಂಥವರಿಗೆ ಉಳಿದ ತಂಡಗಳು ಕರೆಕಳುಹಿಸಬಾರದು ಎಂದು ಗುಟ್ಟಾಗಿ ಒಪ್ಪಿಕೊಂಡರು. ಕೆಲವೇ ವರ್ಷಗಳಲ್ಲಿ ಐವರ ಮಿತಿ ಸಡಿಲವಾಗಿ ತಂಡದ ಎಲ್ಲರಿಗೂ ಅನ್ವಯವಾದ ಈ ಕಟ್ಟುಪಾಡು ‘ಮೀಸಲು ಷರತ್ತು’ ಎಂಬ ರೂಪದಲ್ಲಿ ಒಪ್ಪಂದ ಪತ್ರದೊಳಗೇ ಸೇರಿತು. ಆಟಗಾರನು ಹೊಸ ಕರಾರಿಗೆ ಸಹಿ ಹಾಕದಿದ್ದರೆ ಹಳೆಯದನ್ನೇ ಒಂದು ವರ್ಷದ ಮಟ್ಟಿಗೆ ನವೀಕರಿಸುವ ಅಧಿಕಾರ ತಂಡಕ್ಕಿದೆ ಎಂಬುದು ಅದರ ಅಕ್ಷರಾರ್ಥ. ನವೀಕರಿಸಿದ ಕರಾರಿನಲ್ಲೂ ಅದೇ ಷರತ್ತು ಇರುವುದರಿಂದ ಅದನ್ನು ವರ್ಷವರ್ಷವೂ, ಆಟಗಾರನು ನಿವೃತ್ತನಾಗುವವರೆಗೂ, ನವೀಕರಿಸುತ್ತಲೇ ಹೋಗಬಹುದು ಎಂಬುದು ಮಾಲೀಕರು ಅದಕ್ಕೆ ಮಾಡಿದ ವ್ಯಾಖ್ಯಾನ. 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬೇಸ್‌ಬಾಲ್ ಅಂತರರಾಜ್ಯ ವಾಣಿಜ್ಯವಲ್ಲವೆಂದು ತೀರ್ಪಿತ್ತು, ಏಕಸ್ವಾಮ್ಯ ವಿರೋಧಿ ಕಾನೂನಿನ ಹಿಡಿತದಿಂದ ಅದನ್ನು ಹೊರಗಿಟ್ಟದ್ದರಿಂದ ಈ ವ್ಯಾಖ್ಯಾನಕ್ಕೆ ಇನ್ನೂ ಅರ್ಧ ಶತಮಾನದ ಆಯಸ್ಸು ದೊರೆಯಿತು.

ಇಂಥ ವ್ಯವಸ್ಥೆಯಲ್ಲಿ ಜನಪ್ರಿಯ ಆಟಗಾರನೊಬ್ಬನ ಮೌಲ್ಯವೆಲ್ಲ ಯಾರ ಕೈ ಸೇರುತ್ತಿತ್ತೆಂಬುದು 1887ರಲ್ಲೇ ತಿಳಿಯಿತು. ಹಿಂದಿನ ಋತುವಿನಲ್ಲಿ ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ಗಳಿಸಿದ್ದ, ಷಿಕಾಗೊ ನಗರದ ಕಣ್ಮಣಿಯಾಗಿದ್ದ ಮೈಕ್ ‘ಕಿಂಗ್’ ಕೆಲ್ಲಿಯವರನ್ನು ತಂಡದ ಅಧ್ಯಕ್ಷ ಆಲ್ಬರ್ಟ್ ಸ್ಪಾಲ್ಡಿಂಗ್ 10,000 ಡಾಲರಿಗೆ ಬೋಸ್ಟನ್‌ಗೆ ಮಾರಿದರು. ಆಟಗಾರನ ಸಂಬಳ 2,000 ಡಾಲರ್ ಮೀರಬಾರದೆಂದು ಲೀಗು ಆಗ ಮಿತಿ ಹೇರಿಕೊಂಡಿದ್ದುದರಿಂದ ಬೋಸ್ಟನ್ ತಂಡವು ಸಂಬಳವನ್ನು ಅಷ್ಟಕ್ಕೇ ನಿಲ್ಲಿಸಿ, ಕೆಲ್ಲಿಯವರ ಭಾವಚಿತ್ರವನ್ನು ಜಾಹೀರಾತಿಗೆ ಬಳಸಿಕೊಳ್ಳುವ ಹಕ್ಕಿಗೆಂದು ಇನ್ನೂ 3,000 ಡಾಲರ್ ಕೊಟ್ಟಿತು. ಆಡುವವನಿಗಿಂತ ಆತನ ಚಿತ್ರಕ್ಕೇ ಹೆಚ್ಚು ಬೆಲೆ ಬಂದದ್ದು ತಮಾಷೆಯಾಗಿ ಕಂಡರೂ, ಜನಪ್ರಿಯತೆಗೂ ಒಂದು ದರವಿದೆಯೆಂದು ಲೆಕ್ಕಪುಸ್ತಕವು ಒಪ್ಪಿಕೊಂಡ ಮೊದಮೊದಲ ಪ್ರಸಂಗಗಳಲ್ಲಿ ಇದೂ ಒಂದು.

ಫಿಲಡೆಲ್ಫಿಯ ಅಥ್ಲೆಟಿಕ್ಸ್ ತಂಡದ ವ್ಯವಸ್ಥಾಪಕರೂ ಪಾಲುದಾರರೂ ಆಗಿದ್ದ ಕಾನಿ ಮ್ಯಾಕ್ ಇದೇ ವ್ಯವಹಾರವನ್ನು ಎರಡು ಸಲ ದೊಡ್ಡ ಪ್ರಮಾಣದಲ್ಲಿ ನಡೆಸಿದರು. 1910, 1911 ಮತ್ತು 1913ರಲ್ಲಿ ಋತುವಿನ ಕೊನೆಯ ಪ್ರಶಸ್ತಿ ಸರಣಿಯಾದ ವರ್ಲ್ಡ್ ಸೀರೀಸನ್ನು ಗೆದ್ದು, 1914ರಲ್ಲಿ ಅದೇ ಸರಣಿಯಲ್ಲಿ ಸೋತಿದ್ದ ಅವರ ತಂಡದ ಆಟಗಾರರಿಗೆ ಆಗಷ್ಟೇ ತಲೆಯೆತ್ತಿದ್ದ ಫೆಡರಲ್ ಲೀಗ್ ಎಂಬ ಪ್ರತಿಸ್ಪರ್ಧಿ ಸಂಸ್ಥೆ ಇಮ್ಮಡಿ ಸಂಬಳದ ಆಸೆ ತೋರಿಸುತ್ತಿತ್ತು. ಪೈಪೋಟಿಗಿಳಿಯುವ ಬದಲು ಮ್ಯಾಕ್ ಅವರು ಆ ವರ್ಷದ ಅತ್ಯಂತ ಮೌಲ್ಯಯುತ ಆಟಗಾರನೆಂಬ ಗೌರವ ಪಡೆದಿದ್ದ ಎಡ್ಡಿ ಕಾಲಿನ್ಸ್ ಅವರನ್ನು 50,000 ಡಾಲರಿಗೆ ಷಿಕಾಗೊಗೆ ಮಾರಿದರು. ಇನ್ನಿಬ್ಬರು ಹೆಸರಾಂತ ಪಿಚರ್‌ಗಳು, ಅಂದರೆ ಕ್ರಿಕೆಟ್ಟಿನ ಬೌಲರನ ಸ್ಥಾನದಲ್ಲಿ ನಿಂತು ಚೆಂಡೆಸೆಯುವವರು, ಫೆಡರಲ್ ಲೀಗಿಗೆ ಹೋದರು. ಉಳಿದವರಲ್ಲಿ ಹಲವರು ಒಬ್ಬೊಬ್ಬರಾಗಿ ಬಿಕರಿಯಾದರು. 1916ರಲ್ಲಿ ಅದೇ ತಂಡವು 36 ಪಂದ್ಯ ಗೆದ್ದು 117 ಸೋತಿತು. ಮುಂದೆ 1929 ಮತ್ತು 1930ರಲ್ಲಿ ಮತ್ತೆ ವರ್ಲ್ಡ್ ಸೀರೀಸ್ ಗೆದ್ದು ತಂದ ಎರಡನೆಯ ತಂಡವನ್ನೂ, ಆರ್ಥಿಕ ಮಹಾಕುಸಿತದಲ್ಲಿ ಕ್ರೀಡಾಂಗಣ ಬರಿದಾಗಿ ಸಾಲ ಬೆಳೆದಾಗ, ಆಲ್ ಸಿಮನ್ಸ್, ಲೆಫ್ಟಿ ಗ್ರೋವ್, ಮಿಕ್ಕಿ ಕಾಕ್ರೇನ್, ಜಿಮ್ಮಿ ಫಾಕ್ಸ್ ಎಂದು ಸಾಲಾಗಿ ಮಾರಿ ಮುಗಿಸಿದರು. ಗೆಲ್ಲುವ ತಂಡಕ್ಕಿಂತ, ಋತುವಿನ ಆರಂಭದಲ್ಲಿ ಆಸೆ ಹುಟ್ಟಿಸಿ ಕೊನೆಗೆ ನಾಲ್ಕನೆಯ ಸ್ಥಾನಕ್ಕೆ ನಿಲ್ಲುವ ತಂಡವೇ ಲಾಭದಾಯಕ, ಏಕೆಂದರೆ ಮರುವರ್ಷ ಯಾರಿಗೂ ಸಂಬಳ ಏರಿಸಬೇಕಾಗುವುದಿಲ್ಲ ಎಂಬ ಅರ್ಥದ ಮಾತೊಂದು ಮ್ಯಾಕ್ ಅವರ ಹೆಸರಿನಲ್ಲಿ ಪ್ರಚಲಿತವಾಗಿದೆ. ಮಾತು ಅವರದೇ ಇರಲಿ, ಇಲ್ಲದಿರಲಿ, ಅವರ ನಡೆಗೆ ಅದು ಚೆನ್ನಾಗಿ ಒಪ್ಪುತ್ತದೆ.

ಎಲ್ಲರ ಬಾಯಲ್ಲೂ ಇರುವ ಬೇಬ್ ರೂತ್ ಅವರ ಮಾರಾಟ ಈ ಸರಣಿಯ ನಡುವೆ ಬರುತ್ತದೆ. 1919ರಲ್ಲಿ 29 ಹೋಮ್ ರನ್, ಎಂದರೆ ಚೆಂಡನ್ನು ಅಂಗಳದಾಚೆಗೆ ಹೊಡೆದು ಗಳಿಸುವ ಓಟ, ಬಾರಿಸಿ ದಾಖಲೆ ಮಾಡಿದ್ದ ರೂತ್, ತಮಗಿದ್ದ ವರ್ಷಕ್ಕೆ 10,000 ಡಾಲರಿನ ಒಪ್ಪಂದ ಇನ್ನೂ ಎರಡು ವರ್ಷ ಬಾಕಿಯಿರುವಾಗಲೇ 20,000 ಡಾಲರ್ ಕೇಳಿದರು. ಬೋಸ್ಟನ್ ರೆಡ್ ಸಾಕ್ಸ್ ತಂಡದ ಮಾಲೀಕರೂ ನಾಟಕ ನಿರ್ಮಾಪಕರೂ ಆಗಿದ್ದ ಹ್ಯಾರಿ ಫ್ರೇಜಿ ಅವರು ತಂಡವನ್ನು ಕೊಂಡಾಗಿನ ಬಾಕಿಯನ್ನೇ ಇನ್ನೂ ತೀರಿಸಿರಲಿಲ್ಲ. ನ್ಯೂಯಾರ್ಕ್ ಯಾಂಕೀಸ್ 1,00,000 ಡಾಲರಿಗೆ ರೂತ್ ಅವರನ್ನು ಕೊಂಡದ್ದಲ್ಲದೆ, ಬೋಸ್ಟನ್ನಿನ ಫೆನ್ವೇ ಪಾರ್ಕ್ ಕ್ರೀಡಾಂಗಣವನ್ನೇ ಅಡವಿಟ್ಟುಕೊಂಡು ಫ್ರೇಜಿ ಅವರಿಗೆ ಮೂರು ಲಕ್ಷ ಡಾಲರಿನ ಸಾಲವನ್ನೂ ಕೊಡಲು ಒಪ್ಪಿತು. ಆಟಗಾರನು ಸ್ವಾರ್ಥಿ, ಶಿಸ್ತಿಲ್ಲದವನು, ಆತನಿದ್ದೂ ತಂಡ ಆರನೆಯ ಸ್ಥಾನಕ್ಕಿಳಿಯಿತು ಎಂಬ ಸಮರ್ಥನೆಗಳು ಪತ್ರಿಕೆಗಳಲ್ಲಿ ಬಂದವು. ಅವುಗಳಲ್ಲಿ ಕೊನೆಯದಂತೂ ನಿಜವೇ ಆಗಿತ್ತು. ಮರುವರ್ಷ ರೂತ್ 54 ಹೋಮ್ ರನ್ ಹೊಡೆದರು, ಯಾಂಕೀಸ್‌ನ ತವರು ಪಂದ್ಯಗಳಿಗೆ 12,89,422 ಪ್ರೇಕ್ಷಕರು ಬಂದರು. ಅದುವರೆಗೆ ಯಾವ ತಂಡವೂ ಒಂದು ಋತುವಿನಲ್ಲಿ ಹತ್ತು ಲಕ್ಷವನ್ನು ದಾಟಿರಲಿಲ್ಲ. ಆಟಗಾರನ ಸಂಬಳವನ್ನು ಖರ್ಚಿನ ಕಡೆಗೆ ಬರೆದ ಫ್ರೇಜಿಯವರು ಟಿಕೆಟ್ ಖಿಡಕಿಯ ಆದಾಯವನ್ನು ಅದೇ ಹೆಸರಿನ ಎದುರಿಗೆ ಬರೆಯಲಿಲ್ಲ; ಇಂಥ ಅರೆಲೆಕ್ಕ ಮುಂದೆಯೂ ಅನೇಕ ಸಲ ನಡೆದಿದೆ.

ಆಟದ ಮೌಲ್ಯವನ್ನು ಹಣದ ಅಡಚಣೆಯಿಂದ ಬೇರ್ಪಡಿಸಿ ನೋಡಿದವರಲ್ಲಿ ಮುಂದೆ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಪ್ರಧಾನ ವ್ಯವಸ್ಥಾಪಕರಾದ ಬ್ರಾಂಚ್ ರಿಕ್ಕಿ ಮೊದಲಿಗರು. ಆಟಗಾರನನ್ನು ಒಂದು ವರ್ಷ ತಡವಾಗಿ ಕಳುಹಿಸುವುದಕ್ಕಿಂತ ಒಂದು ವರ್ಷ ಮೊದಲೇ ಕಳುಹಿಸುವುದು ಲೇಸು ಎಂಬುದು ಅವರ ಸೂತ್ರವೆಂದು ಪ್ರಸಿದ್ಧ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ರಾಲ್ಫ್ ಕೈನರ್ 1946ರಿಂದ 1952ರವರೆಗೆ ಸತತ ಏಳು ವರ್ಷ ಹೋಮ್ ರನ್ ಪಟ್ಟಿಯಲ್ಲಿ ಒಂಟಿಯಾಗಿಯೋ ಜಂಟಿಯಾಗಿಯೋ ಮೊದಲಿಗರಾಗಿದ್ದರು. ಕ್ರೀಡಾಂಗಣಕ್ಕೆ ಜನ ಬರುತ್ತಿದ್ದುದೇ ಅವರಿಗಾಗಿ. ಆದರೆ 1952ರಲ್ಲಿ ತಂಡ 112 ಪಂದ್ಯಗಳನ್ನು ಸೋತು ಕೊನೆಯ ಸ್ಥಾನದಲ್ಲಿತ್ತು. ಸಂಬಳ ಏರಿಸುವ ಮಾತು ಬಂದಾಗ, ನೀನಿದ್ದೂ ಕೊನೆಯ ಸ್ಥಾನಕ್ಕೆ ಬಂದೆವು, ನೀನಿಲ್ಲದೆಯೂ ಅಲ್ಲಿಗೆ ತಲುಪಬಲ್ಲೆವು ಎಂಬರ್ಥದಲ್ಲಿ ರಿಕ್ಕಿ ಉತ್ತರಿಸಿದರಂತೆ. 1953ರ ಜೂನಿನಲ್ಲಿ ಕೈನರ್ ಷಿಕಾಗೊ ಕಬ್ಸ್ ಪಾಲಾದರು. ಪೈರೇಟ್ಸ್ ಆ ವರ್ಷವೂ ಮುಂದಿನ ಎರಡು ವರ್ಷಗಳೂ ಕೊನೆಯ ಸ್ಥಾನದಲ್ಲೇ ಉಳಿದು ರಿಕ್ಕಿಯವರ ಮಾತನ್ನು ಅಕ್ಷರಶಃ ನಿಜಮಾಡಿತು. ರಿಕ್ಕಿಯವರ ಸೂತ್ರವೂ ಕೈಕೊಡಬಲ್ಲದೆಂಬುದಕ್ಕೆ ಫ್ರಾಂಕ್ ರಾಬಿನ್ಸನ್ ಅವರ ಪ್ರಸಂಗ ಸಾಕ್ಷಿ: ವಯಸ್ಸಿಗೆ ಮೀರಿ ಮಾಗಿದ ಮೂವತ್ತೆಂದು ಭಾವಿಸಿ ಸಿನ್ಸಿನ್ಯಾಟಿ ತಂಡ 1965ರ ಡಿಸೆಂಬರಿನಲ್ಲಿ ಅವರನ್ನು ಬಾಲ್ಟಿಮೋರ್‌ಗೆ ಕಳುಹಿಸಿತು, ಮರುವರ್ಷ ಅವರು ಸರಾಸರಿ, ಹೋಮ್ ರನ್, ಗಳಿಸಿಕೊಟ್ಟ ಓಟ ಈ ಮೂರರಲ್ಲೂ ಲೀಗಿಗೇ ಮೊದಲಿಗರಾಗಿ ತಂಡಕ್ಕೆ ವರ್ಲ್ಡ್ ಸೀರೀಸನ್ನೂ ಗೆದ್ದುಕೊಟ್ಟರು.

ಈ ಎಲ್ಲ ಟ್ರೇಡುಗಳಲ್ಲಿ ಆಟಗಾರನ ಇಷ್ಟಾನಿಷ್ಟಕ್ಕೆ ಜಾಗವಿರಲಿಲ್ಲ. 1969ರ ಅಕ್ಟೋಬರಿನಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡವು, ಹನ್ನೆರಡು ವರ್ಷಗಳಿಂದ ತನ್ನಲ್ಲೇ ಆಡುತ್ತಿದ್ದ, ಅತ್ಯುತ್ತಮ ಫೀಲ್ಡರಿಗೆ ಸಲ್ಲುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು ಸತತ ಏಳು ಸಲ ಪಡೆದಿದ್ದ ಕರ್ಟ್ ಫ್ಲಡ್ ಅವರನ್ನು ಫಿಲಡೆಲ್ಫಿಯಕ್ಕೆ ಟ್ರೇಡ್ ಮಾಡಿದಾಗ, ಅವರು ಹೋಗಲು ಒಪ್ಪದೆ, ತಾನು ಕೊಂಡು ಮಾರುವ ಸ್ವತ್ತಲ್ಲವೆಂದು ಡಿಸೆಂಬರಿನಲ್ಲಿ ಬೇಸ್‌ಬಾಲ್ ಆಯುಕ್ತ ಬೋವಿ ಕೂನ್ ಅವರಿಗೆ ಪತ್ರ ಬರೆದು, ಆಟಗಾರರ ಸಂಘದ ಬೆಂಬಲದೊಂದಿಗೆ ನ್ಯಾಯಾಲಯಕ್ಕೆ ಹೋದರು. ಆಗ ಅವರ ಸಂಬಳ 90,000 ಡಾಲರ್, ಫಿಲಡೆಲ್ಫಿಯ ಅದಕ್ಕೂ ಹೆಚ್ಚು ಕೊಡಲು ಸಿದ್ಧವಿತ್ತು. ಜಗಳ ಹಣದ್ದಲ್ಲವೆಂಬುದು ಇದರಿಂದಲೇ ಸ್ಪಷ್ಟ. 1970ರ ಋತುವನ್ನು ಪೂರ್ತಿಯಾಗಿ ಕಳೆದುಕೊಂಡ ಫ್ಲಡ್, 1972ರ ಜೂನಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ 5–3ರ ಅಂತರದಿಂದ ಸೋತರು. ಆದರೂ ಮರುವರ್ಷದ ಸಾಮೂಹಿಕ ಒಪ್ಪಂದದಲ್ಲಿ, ಹತ್ತು ವರ್ಷ ಅಗ್ರ ಲೀಗುಗಳಲ್ಲಿ ಆಡಿ ಅವುಗಳಲ್ಲಿ ಕೊನೆಯ ಐದನ್ನು ಒಂದೇ ತಂಡದಲ್ಲಿ ಕಳೆದವರು ಟ್ರೇಡನ್ನು ತಿರಸ್ಕರಿಸಬಹುದೆಂಬ ನಿಯಮ ಬಂತು. ಆ ನಿಯಮ ನಾಲ್ಕೇ ವರ್ಷ ಮೊದಲು ಬಂದಿದ್ದರೆ ಫ್ಲಡ್ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿರಲಿಲ್ಲ.

ಮೀಸಲು ಷರತ್ತು ಕೊನೆಗೆ ಮುರಿದುಬಿದ್ದದ್ದೂ ಟ್ರೇಡಿನ ವಿಷಯದಲ್ಲೇ. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಪಿಚರ್ ಆ್ಯಂಡಿ ಮೆಸ್ಸರ್‌ಸ್ಮಿತ್, ತನ್ನ ಒಪ್ಪಿಗೆಯಿಲ್ಲದೆ ತನ್ನನ್ನು ಟ್ರೇಡ್ ಮಾಡಬಾರದೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸಬೇಕೆಂದು ಕೇಳಿದರು; ತಂಡ ಒಪ್ಪಲಿಲ್ಲ; ಅವರು 1975ರ ಋತುವನ್ನು ಕರಾರಿಗೆ ಸಹಿ ಹಾಕದೆಯೇ ಆಡಿ ಮುಗಿಸಿದರು. ಅದೇ ಸ್ಥಿತಿಯಲ್ಲಿದ್ದ ಡೇವ್ ಮೆಕ್‌ನ್ಯಾಲಿ ಅವರ ಪ್ರಕರಣದ ಜೊತೆಗೆ ಇದನ್ನು ವಿಚಾರಿಸಿದ ಮಧ್ಯಸ್ಥಗಾರ ಪೀಟರ್ ಸೈಟ್ಸ್ ಅವರು, ಒಂದು ವರ್ಷದ ನವೀಕರಣವೆಂದರೆ ಒಂದೇ ವರ್ಷ, ಅದು ಮುಗಿದ ಮೇಲೆ ಆಟಗಾರ ಸ್ವತಂತ್ರನೆಂದು ಡಿಸೆಂಬರ್ 23ರಂದು ತೀರ್ಪಿತ್ತರು. ಮಾಲೀಕರು ಅವರನ್ನು ಕೂಡಲೇ ಕೆಲಸದಿಂದ ತೆಗೆದರು, ಮೇಲ್ಮನವಿ ಹಾಕಿ ಸೋತರು, ಕೊನೆಗೆ 1976ರಲ್ಲಿ ಸಂಘದೊಡನೆ ಕೂತು ಆರು ವರ್ಷದ ಸೇವೆ ಮುಗಿಸಿದ ಆಟಗಾರನು ತನಗೆ ಬೇಕಾದ ತಂಡಕ್ಕೆ ಸೇರಬಹುದೆಂದು ಒಪ್ಪಿಕೊಂಡರು. ಈ ಸ್ವಾತಂತ್ರ್ಯಕ್ಕೆ ಫ್ರೀ ಏಜೆನ್ಸಿ ಎಂಬ ಹೆಸರು. 1976ರಲ್ಲಿ ಸುಮಾರು 51,000 ಡಾಲರ್ ಇದ್ದ ಸರಾಸರಿ ಸಂಬಳ 1980ರಲ್ಲಿ 1,43,000 ಡಾಲರ್ ದಾಟಿತು.

ಹೊಸ ನಿಯಮದ ಪರಿಣಾಮವನ್ನು ಮೊದಲು ಗ್ರಹಿಸಿದವರಲ್ಲಿ ಓಕ್ಲಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲಿ ಒಬ್ಬರು. 1972ರಿಂದ ಸತತ ಮೂರು ವರ್ಲ್ಡ್ ಸೀರೀಸ್ ಗೆದ್ದಿದ್ದ ತಮ್ಮ ತಾರೆಗಳು ಹೇಗೂ ಕೈಬಿಟ್ಟು ಹೋಗುವವರೇ ಎಂದು ಲೆಕ್ಕ ಹಾಕಿ ಅವರು 1976ರ ಜೂನ್ 15ರಂದು ರೋಲಿ ಫಿಂಗರ್ಸ್ ಮತ್ತು ಜೋ ರೂಡಿಯವರನ್ನು ತಲಾ ಹತ್ತು ಲಕ್ಷ ಡಾಲರಿಗೆ ಬೋಸ್ಟನ್‌ಗೂ, ವೈಡಾ ಬ್ಲೂ ಅವರನ್ನು ಹದಿನೈದು ಲಕ್ಷಕ್ಕೆ ಯಾಂಕೀಸ್‌ಗೂ ಮಾರಿದರು. ಮೂರೇ ದಿನಗಳಲ್ಲಿ ಆಯುಕ್ತ ಕೂನ್ ಅವರು ಆಟದ ಹಿತದೃಷ್ಟಿಯಿಂದ ಎಂಬ ಕಾರಣ ಕೊಟ್ಟು ಈ ಮಾರಾಟಗಳನ್ನು ರದ್ದುಗೊಳಿಸಿದರು. ಕಾನಿ ಮ್ಯಾಕ್ ಅವರಿಗೆ ದಶಕಗಳ ಕಾಲ ಸಲೀಸಾಗಿದ್ದ ದಾರಿ ಇಲ್ಲಿಗೆ ಮುಚ್ಚಿತು. ಇನ್ನು ಮುಂದೆ ತಾರೆಯನ್ನು ಕಳುಹಿಸಬೇಕೆಂದರೆ ನಗದಿಗೆ ಬದಲಾಗಿ ಎಳೆಯ ಆಟಗಾರರನ್ನು, ಅಂದರೆ ಕಡಿಮೆ ಸಂಬಳದ ಹೆಚ್ಚು ವರ್ಷಗಳನ್ನು, ಪಡೆಯಬೇಕಾಯಿತು.

ಸರಿಯಾಗಿ ಒಂದು ವರ್ಷದ ಬಳಿಕ, 1977ರ ಜೂನ್ 15ರಂದು, ನ್ಯೂಯಾರ್ಕ್ ಮೆಟ್ಸ್ ತಂಡವು ಟಾಮ್ ಸೀವರ್ ಅವರನ್ನು ಸಿನ್ಸಿನ್ಯಾಟಿಗೆ ಟ್ರೇಡ್ ಮಾಡಿದ ಪ್ರಸಂಗವನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಹಳೆಯ ಕಾಲದ ಮಾಲೀಕನ ಮನೋಭಾವವೂ ಹೊಸ ಕಾಲದ ಸಂಬಳದ ಮಾರುಕಟ್ಟೆಯೂ ಅಲ್ಲಿ ನೇರವಾಗಿ ಡಿಕ್ಕಿ ಹೊಡೆದವು. ಹುಟ್ಟಿದಾಗಿನಿಂದ ಸೋಲಿಗೇ ಹೆಸರಾಗಿದ್ದ ಮೆಟ್ಸ್ 1969ರಲ್ಲಿ ಅನಿರೀಕ್ಷಿತವಾಗಿ ವರ್ಲ್ಡ್ ಸೀರೀಸ್ ಗೆದ್ದಾಗ ಸೀವರ್ ಆ ಋತುವಿನಲ್ಲಿ 25 ಪಂದ್ಯ ಗೆದ್ದ ಪಿಚರ್ ಆಗಿದ್ದರು. ಅತ್ಯುತ್ತಮ ಪಿಚರಿಗೆ ಕೊಡುವ ಸೈ ಯಂಗ್ ಪ್ರಶಸ್ತಿ 1969, 1973, 1975ರಲ್ಲಿ ಮೂರು ಸಲ ಅವರಿಗೆ ಸಂದಿತ್ತು. ತಂಡದ ಸಮಸ್ತವೂ ಇವನೇ ಎಂಬರ್ಥದಲ್ಲಿ ಅಭಿಮಾನಿಗಳು ಅವರನ್ನು ‘ದಿ ಫ್ರಾಂಚೈಸ್’ ಎಂದೇ ಕರೆಯುತ್ತಿದ್ದರು. 1976ರ ವಸಂತದಲ್ಲಿ ಅವರು ವರ್ಷಕ್ಕೆ 2,25,000 ಡಾಲರಿನಂತೆ ಮೂರು ವರ್ಷದ ಒಪ್ಪಂದ ಮಾಡಿಕೊಂಡಾಗ ಅದು ಪಿಚರ್‌ಗಳ ಪೈಕಿ ಬಹು ದೊಡ್ಡ ಸಂಬಳಗಳಲ್ಲಿ ಒಂದು. ಅದೇ ವರ್ಷದ ಕೊನೆಗೆ ಫ್ರೀ ಏಜೆನ್ಸಿಯ ಮೊದಲ ಸುಗ್ಗಿ ನಡೆದು, ಅವರಿಗಿಂತ ಎಷ್ಟೋ ಸಾಧಾರಣರಾದ ಆಟಗಾರರು ಅವರನ್ನು ಮೀರಿಸಿದ ಕರಾರುಗಳಿಗೆ ಸಹಿ ಹಾಕಿದರು. ಮೆಟ್ಸ್ ಮಾತ್ರ ಆ ಮಾರುಕಟ್ಟೆಯ ಕಡೆ ತಲೆಹಾಕಲಿಲ್ಲ. ತಂಡದ ಮಾಲೀಕರಾಗಿದ್ದ ಜೋನ್ ಪೇಸನ್ 1975ರಲ್ಲಿ ತೀರಿಕೊಂಡ ಮೇಲೆ ಆಡಳಿತವೆಲ್ಲ ಅಧ್ಯಕ್ಷ ಎಂ. ಡೊನಾಲ್ಡ್ ಗ್ರಾಂಟ್ ಅವರ ಕೈಯಲ್ಲಿತ್ತು. ವಾಲ್ ಸ್ಟ್ರೀಟಿನ ಷೇರು ದಲ್ಲಾಳಿಯಾಗಿದ್ದ ಗ್ರಾಂಟ್ ಅವರಿಗೆ ಆಟಗಾರನೊಬ್ಬ ಆಡಳಿತದ ಜಿಪುಣತನವನ್ನು ಬಹಿರಂಗವಾಗಿ ಟೀಕಿಸುವುದು ಅವಿಧೇಯತೆಯಾಗಿ ಕಂಡಿತು. ಸೀವರ್ ತಮ್ಮ ಒಪ್ಪಂದವನ್ನು ಮರುಪರಿಶೀಲಿಸಲು ಕೇಳಿದರು, ಗ್ರಾಂಟ್ ನಿರಾಕರಿಸಿದರು.

ಡೈಲಿ ನ್ಯೂಸ್ ಪತ್ರಿಕೆಯ ಪ್ರಭಾವಿ ಅಂಕಣಕಾರ ಡಿಕ್ ಯಂಗ್ ವಾರಗಟ್ಟಲೆ ಗ್ರಾಂಟ್ ಅವರ ಪರವಾಗಿ ಬರೆದು, ಸೀವರ್ ಅವರನ್ನು ಕೊಟ್ಟ ಮಾತಿಗೆ ತಪ್ಪುವ ದುರಾಸೆಯವರಂತೆ ಚಿತ್ರಿಸಿದರು. ಟ್ರೇಡುಗಳಿಗೆ ಆಗ ಜೂನ್ 15ರ ಮಧ್ಯರಾತ್ರಿಯೇ ಗಡುವು. ಅದರ ಹಿಂದಿನ ರಾತ್ರಿ, ತಂಡದೊಡನೆ ಅಟ್ಲಾಂಟದಲ್ಲಿದ್ದ ಸೀವರ್, ಗ್ರಾಂಟ್ ಅವರನ್ನು ಬದಿಗಿಟ್ಟು ಪೇಸನ್ ಅವರ ಮಗಳು ಲೊರಿಂಡಾ ಡಿ ರೂಲೆ ಅವರೊಡನೆ ದೂರವಾಣಿಯಲ್ಲಿ ಮಾತನಾಡಿ ಒಪ್ಪಂದವನ್ನು ವಿಸ್ತರಿಸಿಕೊಳ್ಳುವ ತಿಳುವಳಿಕೆಗೆ ಬಂದರು. ಮರುದಿನದ ಅಂಕಣದಲ್ಲಿ ಯಂಗ್, ಒಂದು ಕಾಲಕ್ಕೆ ಮೆಟ್ಸ್‌ನಲ್ಲೇ ಇದ್ದು ಈಗ ಕ್ಯಾಲಿಫೋರ್ನಿಯದಲ್ಲಿ ಹೆಚ್ಚು ಸಂಪಾದಿಸುತ್ತಿದ್ದ ನೋಲನ್ ರಯಾನ್ ಅವರ ಕುಟುಂಬದ ಬಗ್ಗೆ ಸೀವರ್ ಅವರ ಪತ್ನಿಗೆ ಹೊಟ್ಟೆಕಿಚ್ಚು ಎಂದು ಬರೆದಿದ್ದರು. ಮಾತು ಮನೆಯವರೆಗೆ ಬಂದದ್ದೇ ಸೀವರ್ ತಂಡಕ್ಕೆ ಫೋನು ಮಾಡಿ, ಎಲ್ಲವನ್ನೂ ರದ್ದುಮಾಡಿ ತನ್ನನ್ನು ಕಳುಹಿಸಿಬಿಡಿ ಎಂದರು. ಆ ರಾತ್ರಿ ಪ್ಯಾಟ್ ಜಾಕ್ರಿ, ಡಗ್ ಫ್ಲಿನ್, ಸ್ಟೀವ್ ಹೆಂಡರ್ಸನ್, ಡ್ಯಾನ್ ನಾರ್ಮನ್ ಎಂಬ ನಾಲ್ವರಿಗೆ ಬದಲಾಗಿ ಸೀವರ್ ಸಿನ್ಸಿನ್ಯಾಟಿ ರೆಡ್ಸ್‌ಗೆ ಹೋದರು. ತಂಡದ ಹೋಮ್ ರನ್ ವೀರ ಡೇವ್ ಕಿಂಗ್‌ಮನ್ ಅವರನ್ನೂ ಅದೇ ರಾತ್ರಿ ಸ್ಯಾನ್ ಡಿಯಾಗೊಗೆ ಕಳುಹಿಸಲಾಯಿತು. ಸಾಮಾನುಗಳನ್ನು ತೆಗೆದುಕೊಂಡು ಹೋಗಲು ಷೀ ಕ್ರೀಡಾಂಗಣಕ್ಕೆ ಬಂದ ಸೀವರ್, ಅಭಿಮಾನಿಗಳ ಬಗ್ಗೆ ಪ್ರಶ್ನೆ ಬಂದಾಗ ಗಂಟಲು ಕಟ್ಟಿ ಮಾತು ಹೊರಡದೆ, ವರದಿಗಾರರೊಬ್ಬರ ನೋಟ್‌ಬುಕ್ ಇಸಿದುಕೊಂಡು ಹೇಳಬೇಕಾದುದನ್ನು ಅದರಲ್ಲಿ ಬರೆದುಕೊಟ್ಟರು.

ಫಲಿತಾಂಶವನ್ನು ಅಂಕಿಗಳೇ ಹೇಳುತ್ತವೆ. ಆ ಋತುವಿನ ಉಳಿದ ಭಾಗದಲ್ಲಿ ಸೀವರ್ ರೆಡ್ಸ್ ಪರವಾಗಿ 14 ಪಂದ್ಯ ಗೆದ್ದು 3 ಸೋತರು. ಮೆಟ್ಸ್ ಆ ವರ್ಷವೂ ಮುಂದಿನ ಎರಡು ವರ್ಷಗಳೂ ತನ್ನ ವಿಭಾಗದಲ್ಲಿ ಕೊನೆಯ ಸ್ಥಾನ ಪಡೆಯಿತು. 1976ರಲ್ಲಿ 14,68,754 ಇದ್ದ ಪ್ರೇಕ್ಷಕರ ಸಂಖ್ಯೆ 1979ಕ್ಕೆ 7,88,905ಕ್ಕೆ ಇಳಿಯಿತು. ಖಾಲಿ ಕ್ರೀಡಾಂಗಣವನ್ನು ಪತ್ರಿಕೆಯವರು ‘ಗ್ರಾಂಟರ ಸಮಾಧಿ’ ಎಂದು ಗೇಲಿ ಮಾಡಿದರು. ನ್ಯೂಯಾರ್ಕಿನಲ್ಲೇ ಇರುವ, ಅಧ್ಯಕ್ಷ ಯೂಲಿಸಿಸ್ ಗ್ರಾಂಟ್ ಅವರ ಸ್ಮಾರಕದ ಹೆಸರನ್ನು ತಿರುಚಿದ ಕೊಂಕು ಅದು. 1978ರ ಕೊನೆಗೆ ಗ್ರಾಂಟ್ ಅಧಿಕಾರ ಕಳೆದುಕೊಂಡರು, 1980ರ ಆರಂಭದಲ್ಲಿ ಪೇಸನ್ ಕುಟುಂಬ ತಂಡವನ್ನೇ ಮಾರಿತು. ಸೀವರ್ ಕೇಳಿದ ಹೆಚ್ಚುವರಿ ಮೊತ್ತ ವರ್ಷಕ್ಕೆ ಒಂದೆರಡು ಲಕ್ಷ ಡಾಲರಿನ ಮಾತು. ಆರೂವರೆ ಲಕ್ಷಕ್ಕೂ ಹೆಚ್ಚು ಟಿಕೆಟ್ಟುಗಳು ಕಡಿಮೆ ಮಾರಾಟವಾದ ನಷ್ಟಕ್ಕೆ ಅದನ್ನು ಹೋಲಿಸಿದರೆ ಗ್ರಾಂಟ್ ಅವರ ನಿರ್ಧಾರವನ್ನು ಮಿತವ್ಯಯವೆಂದು ಕರೆಯುವುದು ಕಷ್ಟ. ಮಾಲೀಕನ ಮಾತು ಮೇಲಾಗಬೇಕೆಂಬ ಹಟಕ್ಕೆ ಅವರು ಲೆಕ್ಕಪತ್ರದ ಅಂಗಿ ತೊಡಿಸಿದ್ದರು.

ಅದೇ 1977ರಲ್ಲಿ, ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಡಬ್ಬಿ ಆಹಾರದ ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲುಗಾರರಾಗಿದ್ದ ಬಿಲ್ ಜೇಮ್ಸ್ ‘ಬೇಸ್‌ಬಾಲ್ ಆ್ಯಬ್‌ಸ್ಟ್ರಾಕ್ಟ್’ ಎಂಬ ಅಂಕಿಅಂಶಗಳ ಪುಸ್ತಿಕೆಯ ಮೊದಲ ಸಂಚಿಕೆಯನ್ನು ಸ್ವಂತ ಖರ್ಚಿನಲ್ಲಿ ಹೊರತಂದರು. ಬ್ಯಾಟರುಗಳು ಸರಾಸರಿ 27ನೆಯ ವಯಸ್ಸಿನ ಆಸುಪಾಸಿನಲ್ಲಿ ತಮ್ಮ ಶಿಖರ ಮುಟ್ಟುತ್ತಾರೆ, ಮೂವತ್ತು ದಾಟಿದ ಮೇಲೆ ಇಳಿಯುತ್ತಾರೆ ಎಂಬ ಅವರ ಮುಂದಿನ ವರ್ಷಗಳ ನಿರ್ಣಯ ಆಡಳಿತಗಾರರ ಕೈಗೆ ಹೊಸ ಅಳತೆಗೋಲನ್ನು ಕೊಟ್ಟಿತು. ಆಟಗಾರನೊಬ್ಬನ ಬ್ಯಾಟಿಂಗ್, ಫೀಲ್ಡಿಂಗ್, ಓಟ ಎಲ್ಲವನ್ನೂ ಕೂಡಿಸಿ, ಸುಲಭವಾಗಿ ಸಿಗುವ ಬದಲಿ ಆಟಗಾರನಿಗಿಂತ ಈತನಿಂದ ತಂಡಕ್ಕೆ ಎಷ್ಟು ಗೆಲುವು ಹೆಚ್ಚು ಎಂದು ಒಂದೇ ಸಂಖ್ಯೆಯಲ್ಲಿ ಹೇಳುವ ‘ವಾರ್’ ಎಂಬ ಮಾಪನವೂ ಕಾಲಾಂತರದಲ್ಲಿ ಬಳಕೆಗೆ ಬಂತು. ಆರು ವರ್ಷದ ಸೇವೆ ಮುಗಿಸಿ ಫ್ರೀ ಏಜೆಂಟ್ ಆಗುವ ಹೊತ್ತಿಗೆ ಬಹುತೇಕ ಆಟಗಾರರಿಗೆ 29 ಅಥವಾ 30 ವಯಸ್ಸಾಗಿರುತ್ತದೆ. ಅಂದರೆ ದೊಡ್ಡ ಸಂಬಳ ಸಿಗುವುದು ಇಳಿಮುಖದ ವರ್ಷಗಳಿಗೆ. ಈ ಲೆಕ್ಕವನ್ನು ಕಡೆಗಣಿಸಿದರೆ ಏನಾಗಬಹುದೆಂಬುದಕ್ಕೆ ಫಿಲಡೆಲ್ಫಿಯ ಫಿಲೀಸ್ ತಂಡದ ರಯಾನ್ ಹೋವರ್ಡ್ ಅವರ ಉದಾಹರಣೆಯನ್ನು ಕೊಡುವುದು ವಾಡಿಕೆ: 2006ರಲ್ಲಿ 58 ಹೋಮ್ ರನ್ ಹೊಡೆದಿದ್ದ ಈ ಜನಪ್ರಿಯ ಆಟಗಾರನೊಡನೆ ತಂಡವು 2010ರಲ್ಲಿ, ಹಳೆಯ ಕರಾರು ಮುಗಿಯಲು ಇನ್ನೂ ಎರಡು ಋತು ಬಾಕಿಯಿರುವಾಗಲೇ, 2012ರಿಂದ ಶುರುವಾಗುವ ಐದು ವರ್ಷಕ್ಕೆ 12.5 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. 2011ರ ಕೊನೆಯ ಪಂದ್ಯದ ಕೊನೆಯ ಎಸೆತದಲ್ಲಿ ಓಡಲು ಹೊರಟ ಅವರ ಹಿಮ್ಮಡಿಯ ಸ್ನಾಯು ಹರಿಯಿತು, ಒಪ್ಪಂದದ ಕೊನೆಯ ವರ್ಷವಾದ 2016ರಲ್ಲಿ ಅವರ ಸರಾಸರಿ .196ಕ್ಕೆ ಇಳಿದಿತ್ತು.

ಜೇಮ್ಸ್ ಅವರನ್ನೇ ಸಲಹೆಗಾರರನ್ನಾಗಿ ನೇಮಿಸಿಕೊಂಡ ಬೋಸ್ಟನ್ ರೆಡ್ ಸಾಕ್ಸ್ 2004ರ ಜುಲೈ 31ರಂದು ನೋಮರ್ ಗಾರ್ಸಿಯಾಪಾರ ಅವರನ್ನು ಷಿಕಾಗೊ ಕಬ್ಸ್‌ಗೆ ಕಳುಹಿಸಿತು. ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ನಿಂತು ಕಾಯುವ ಶಾರ್ಟ್‌ಸ್ಟಾಪ್ ಸ್ಥಾನದಲ್ಲಿದ್ದುಕೊಂಡೂ 1999 ಮತ್ತು 2000ದಲ್ಲಿ ಲೀಗಿನ ಅತ್ಯುತ್ತಮ ಸರಾಸರಿ ಗಳಿಸಿದ್ದ ಅವರು ಆ ಊರಿನ ಮಕ್ಕಳಿಗೆಲ್ಲ ಅಚ್ಚುಮೆಚ್ಚಾಗಿದ್ದರು. ನಾಲ್ಕು ವರ್ಷಕ್ಕೆ ಆರು ಕೋಟಿ ಡಾಲರಿನ ಒಪ್ಪಂದವನ್ನು ಅವರು 2003ರಲ್ಲಿ ಒಪ್ಪಿರಲಿಲ್ಲ, ಗಾಯಗಳಿಂದ ಫೀಲ್ಡಿಂಗ್ ಕುಗ್ಗಿತ್ತು, ಕರಾರು ಎರಡೇ ತಿಂಗಳಲ್ಲಿ ಮುಗಿಯಲಿತ್ತು. ಮೂವತ್ತರ ಹರೆಯದ ಪ್ರಧಾನ ವ್ಯವಸ್ಥಾಪಕ ಥಿಯೋ ಎಪ್‌ಸ್ಟೀನ್, ಹೇಗೂ ಹೋಗಲಿರುವವನನ್ನು ಉಳಿಸಿಕೊಂಡು ಏನೂ ಸಿಗದೆ ಕಳೆದುಕೊಳ್ಳುವ ಬದಲು, ಫೀಲ್ಡಿಂಗಿನಲ್ಲಿ ಗಟ್ಟಿಗರಾದ ಒರ್ಲಾಂಡೊ ಕಬ್ರೇರ ಮತ್ತು ಡಗ್ ಮಿಂಟ್‌ಕೇವಿಚ್ ಅವರನ್ನು ತಂದರು. ಅಕ್ಟೋಬರಿನಲ್ಲಿ ರೆಡ್ ಸಾಕ್ಸ್ 86 ವರ್ಷಗಳ ಬಳಿಕ ವರ್ಲ್ಡ್ ಸೀರೀಸ್ ಗೆದ್ದದ್ದರಿಂದ ಈ ಟ್ರೇಡನ್ನು ಮುಂದೆ ಯಾರೂ ಬೈಯಲಿಲ್ಲ. ಗೆಲುವು ಟ್ರೇಡಿನಿಂದಲೇ ಬಂತೆಂದು ಸಾಧಿಸುವುದು ಸುಲಭವಲ್ಲವಾದರೂ, ಅಂಥ ಗೆಲುವಿನ ಮುಂದೆ ಪ್ರಶ್ನೆ ಎತ್ತುವವರಾದರೂ ಯಾರು?

ಅದೇ ತಂಡ, ಅದೇ ಮಾಲೀಕ ಜಾನ್ ಹೆನ್ರಿ, 2020ರಲ್ಲಿ ಮೂಕಿ ಬೆಟ್ಸ್ ಅವರನ್ನು ಬಿಟ್ಟುಕೊಟ್ಟಾಗ ಅಂಥ ರಕ್ಷಣೆ ದೊರೆಯಲಿಲ್ಲ. ಬೆಟ್ಸ್ ಅವರ ಸಂಬಳದ ಏಣಿಯನ್ನು ಹತ್ತಿರದಿಂದ ನೋಡಿದರೆ ಇಂದಿನ ವ್ಯವಸ್ಥೆ ಹೇಗೆ ನಡೆಯುತ್ತದೆಂದು ತಿಳಿಯುತ್ತದೆ. ಅಗ್ರ ಲೀಗಿನ ಮೊದಲ ಮೂರು ವರ್ಷ ಆಟಗಾರನಿಗೆ ಕನಿಷ್ಠ ವೇತನದ ಆಸುಪಾಸಿನ ಸಂಬಳ. ಮುಂದಿನ ಮೂರು ವರ್ಷ ಮಧ್ಯಸ್ಥಗಾರರ ಮುಂದೆ ವಾದಿಸಿ ಏರಿಸಿಕೊಳ್ಳುವ ಅವಕಾಶ. ಆ ಬಳಿಕ ಸ್ವಾತಂತ್ರ್ಯ. ಹಾಗಾಗಿ 2016ರಲ್ಲಿ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರನ ಮತದಾನದಲ್ಲಿ ಎರಡನೆಯವರಾದ ಬೆಟ್ಸ್ ಆ ವರ್ಷ ಪಡೆದದ್ದು ಆರು ಲಕ್ಷ ಡಾಲರಿಗೂ ಕಡಿಮೆ. ಆ ಗೌರವವನ್ನೇ ಗೆದ್ದು ತಂಡಕ್ಕೆ ವರ್ಲ್ಡ್ ಸೀರೀಸನ್ನೂ ತಂದ 2018ರಲ್ಲಿ 1.05 ಕೋಟಿ, 2019ರಲ್ಲಿ ಎರಡು ಕೋಟಿ, 2020ಕ್ಕೆ 2.7 ಕೋಟಿ. ಅಗ್ಗವಾಗಿದ್ದ ವರ್ಷಗಳ ಲಾಭವನ್ನು ಉಂಡು ಮುಗಿಸಿದ ತಂಡಕ್ಕೆ ಈಗ ಉಳಿದದ್ದು ಒಂದೇ ಋತು, ಅದೂ ಪೂರ್ಣ ಬೆಲೆಗೆ. ಹತ್ತು ವರ್ಷಕ್ಕೆ 30 ಕೋಟಿ ಡಾಲರಿನ ಪ್ರಸ್ತಾಪವನ್ನು ಬೆಟ್ಸ್ ಒಪ್ಪದೆ ಹನ್ನೆರಡು ವರ್ಷಕ್ಕೆ 42 ಕೋಟಿ ಕೇಳಿದ್ದರೆಂದು ವರದಿಯಾಗಿತ್ತು.

ಇದರ ಜೊತೆಗೆ ಇನ್ನೊಂದು ಕಟ್ಟು ಇತ್ತು. ತಂಡದ ಒಟ್ಟು ಸಂಬಳ ನಿಗದಿತ ಮಟ್ಟ ದಾಟಿದರೆ, ದಾಟಿದ ಮೊತ್ತದ ಮೇಲೆ ದಂಡ ಕಟ್ಟಬೇಕೆಂಬ, ಜನರ ಬಾಯಲ್ಲಿ ಲಕ್ಷುರಿ ಟ್ಯಾಕ್ಸ್ ಎನಿಸಿಕೊಂಡ ನಿಯಮದಡಿ 2020ರ ಮಿತಿ 20.8 ಕೋಟಿ ಡಾಲರ್. ಮೊದಲ ವರ್ಷ ನೂರಕ್ಕೆ 20, ಎರಡನೆಯ ವರ್ಷ 30, ಮೂರನೆಯ ವರ್ಷ 50 ಎಂದು ದರ ಏರುತ್ತದೆ. ಒಂದು ವರ್ಷ ಮಿತಿಯೊಳಗಿದ್ದರೆ ಏಣಿ ಮೊದಲ ಮೆಟ್ಟಿಲಿಗೆ ಮರಳುತ್ತದೆ. 2018 ಮತ್ತು 2019ರಲ್ಲಿ ಮಿತಿ ದಾಟಿದ್ದ ಬೋಸ್ಟನ್, ಬೆಟ್ಸ್ ಅವರ ಜೊತೆಗೆ ವರ್ಷಕ್ಕೆ 3.2 ಕೋಟಿ ಡಾಲರಿನಂತೆ ಇನ್ನೂ ಮೂರು ವರ್ಷದ ಕರಾರು ಬಾಕಿಯಿದ್ದ ಪಿಚರ್ ಡೇವಿಡ್ ಪ್ರೈಸ್ ಅವರನ್ನೂ, ಅವರ ಸಂಬಳದ ಅರ್ಧವನ್ನು ತಾನೇ ಹೊರುವ ಮಾತು ಕೊಟ್ಟು, ಡಾಡ್ಜರ್ಸ್‌ಗೆ ದಾಟಿಸಿತು. ಪ್ರತಿಯಾಗಿ ಬಂದವರು ಅಲೆಕ್ಸ್ ವರ್ಡೂಗೊ, ಜೀಟರ್ ಡೌನ್ಸ್, ಕಾನರ್ ವಾಂಗ್. ಬೋಸ್ಟನ್ 2019ಕ್ಕೆ ಕಟ್ಟಿದ ದಂಡ ಸುಮಾರು 1.3 ಕೋಟಿ ಡಾಲರ್, ಫೋರ್ಬ್ಸ್ ಪತ್ರಿಕೆ 2020ರಲ್ಲಿ ತಂಡಕ್ಕೆ ಕಟ್ಟಿದ ಬೆಲೆ 330 ಕೋಟಿ ಡಾಲರ್. ಇವೆರಡನ್ನೂ ಅಕ್ಕಪಕ್ಕ ಇಟ್ಟಾಗ ಇದು ಅನಿವಾರ್ಯವಾಗಿತ್ತೆಂಬ ವಾದ ನಿಲ್ಲುವುದಿಲ್ಲ. ಇಪ್ಪತ್ತೇಳರ ಬೆಟ್ಸ್ ಅವರಿಗೆ ವಯಸ್ಸಿನ ಲೆಕ್ಕವೂ ಅಷ್ಟಾಗಿ ಅನ್ವಯಿಸುತ್ತಿರಲಿಲ್ಲ. ಡಾಡ್ಜರ್ಸ್ ಜುಲೈನಲ್ಲೇ ಅವರೊಡನೆ ಹನ್ನೆರಡು ವರ್ಷಕ್ಕೆ 36.5 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡು ಆ ವರ್ಷವೇ ವರ್ಲ್ಡ್ ಸೀರೀಸ್ ಗೆದ್ದಿತು, 2024 ಮತ್ತು 2025ರಲ್ಲಿ ಮತ್ತೆ ಗೆದ್ದಿತು. ಬೋಸ್ಟನ್ 2020ರಲ್ಲಿ ತನ್ನ ವಿಭಾಗದ ಕೊನೆಯ ಸ್ಥಾನದಲ್ಲಿತ್ತು. ಡೌನ್ಸ್ ಅವರನ್ನು ತಂಡ 2022ರ ಕೊನೆಗೆ ಕೈಬಿಟ್ಟಿತು, ವರ್ಡೂಗೊ 2023ರ ಡಿಸೆಂಬರಿನಲ್ಲಿ ಯಾಂಕೀಸ್‌ಗೆ ಹೋದರು.

2023ರ ಜನವರಿ 2ರಂದು ಫೆನ್ವೇ ಪಾರ್ಕಿನಲ್ಲಿ ನಡೆದ ಐಸ್ ಹಾಕಿ ಪಂದ್ಯಕ್ಕೆ ಬಂದ ಹೆನ್ರಿಯವರನ್ನು ಸ್ವಂತ ಕ್ರೀಡಾಂಗಣದಲ್ಲೇ ಜನ ಕೂಗಿ ಹಂಗಿಸಿದರು. ಎರಡೇ ದಿನಗಳಲ್ಲಿ, ತಂಡದಲ್ಲೇ ಬೆಳೆದ ಇನ್ನೊಬ್ಬ ತಾರೆ ರಫಾಯೆಲ್ ಡೆವರ್ಸ್ ಅವರೊಡನೆ ಹತ್ತು ವರ್ಷಕ್ಕೆ 31.35 ಕೋಟಿ ಡಾಲರಿನ ಒಪ್ಪಂದ ಕುದುರಿದ ಸುದ್ದಿ ಹೊರಬಿತ್ತು; ಪ್ರೇಕ್ಷಕರ ಸಿಟ್ಟಿಗೂ ಲೆಕ್ಕಪುಸ್ತಕದಲ್ಲಿ ಒಂದು ಸಾಲು ದೊರೆತಂತಾಯಿತು. ಆದರೆ 2025ರಲ್ಲಿ ತಂಡವು ಅಲೆಕ್ಸ್ ಬ್ರೆಗ್‌ಮನ್ ಅವರನ್ನು ತಂದು ಡೆವರ್ಸ್ ಅವರ ಮೂರನೆಯ ಬೇಸಿನ ಕಾವಲನ್ನು ಕೇಳದೆ ಬದಲಿಸಿ, ಆಮೇಲೆ ಮೊದಲನೆಯ ಬೇಸಿಗೆ ಬನ್ನಿ ಎಂದಾಗ ಅವರು ಒಪ್ಪಲಿಲ್ಲ. ಜೂನ್ 15ರ ಮಧ್ಯಾಹ್ನ ಯಾಂಕೀಸ್ ವಿರುದ್ಧ ಹೋಮ್ ರನ್ ಹೊಡೆದ ಡೆವರ್ಸ್ ಅದೇ ಸಂಜೆ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಆಟಗಾರರಾಗಿದ್ದರು. ಕರಾರಿನಲ್ಲಿ ಉಳಿದಿದ್ದ 25 ಕೋಟಿಗೂ ಹೆಚ್ಚಿನ ಮೊತ್ತವನ್ನು ಜೈಂಟ್ಸ್ ಪೂರ್ತಿಯಾಗಿ ವಹಿಸಿಕೊಂಡಿತು. ಆ ಋತುವಿನಲ್ಲಿ ಬೋಸ್ಟನ್ 89 ಪಂದ್ಯ ಗೆದ್ದು ನಾಲ್ಕು ವರ್ಷಗಳ ಬಳಿಕ ಪ್ಲೇಆಫ್, ಎಂದರೆ ಋತುವಿನ ಕೊನೆಯ ಪ್ರಶಸ್ತಿ ಸುತ್ತುಗಳನ್ನು, ತಲುಪಿತು, ಜೈಂಟ್ಸ್ 81 ಗೆದ್ದು 81 ಸೋತಿತು. ಡೆವರ್ಸ್ ಅವರ ಕರಾರು 2033ರವರೆಗೆ ಇದೆ.